ತೂಕ ಇಳಿಕೆಯ ಶಸ್ತ್ರಚಿಕಿತ್ಸೆಗೆ ಮುನ್ನಿನ ಚಯಾಪಚಯ ಪರೀಕ್ಷೆ

ತೂಕ ಇಳಿಕೆಯ ಶಸ್ತ್ರಚಿಕಿತ್ಸೆಗೆ ಮುನ್ನಿನ ಚಯಾಪಚಯ ಪರೀಕ್ಷೆ ಎಂಬುದು ತೀವ್ರ ಬೊಜ್ಜಿನ ನಿವಾರಣೆಗಾಗಿ ಜಠರ ಅಥವಾ ಸಣ್ಣ ಕರುಳಿನ ಮೇಲೆ ಶಸ್ತ್ರಚಿಕಿತ್ಸೆ ನಡೆಸುವ ಮೊದಲು ಮಾಡಲಾಗುವ ಪರೀಕ್ಷೆಗಳ ಸಮೂಹ. ದೇಹವು ಶಕ್ತಿಯನ್ನು ಎಷ್ಟು ವ್ಯಯಿಸುತ್ತದೆ, ಸಕ್ಕರೆ ಮತ್ತು ಕೊಬ್ಬನ್ನು ಹೇಗೆ ನಿಭಾಯಿಸುತ್ತದೆ, ಅದರಲ್ಲಿ ಪೋಷಕಾಂಶಗಳ ಸಂಗ್ರಹ ಎಷ್ಟಿದೆ ಎಂಬುದನ್ನು ಈ ಪರೀಕ್ಷೆಗಳಿಂದ ತಿಳಿಯಲಾಗುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಮೊದಲನೆಯದು ಉಸಿರಿನ ಅನಿಲಗಳನ್ನು ಅಳೆದು ವಿಶ್ರಾಂತ ಚಯಾಪಚಯ ದರವನ್ನು ಕಂಡುಹಿಡಿಯುವುದು. ಎರಡನೆಯದು ರಕ್ತದ ಸಕ್ಕರೆ, ಕೊಬ್ಬು, ಹಾರ್ಮೋನು, ವಿಟಮಿನ್ ಮತ್ತು ಖನಿಜಗಳ ಪರೀಕ್ಷೆ. ರಕ್ತಪರೀಕ್ಷೆಗಳನ್ನು ಬಹುತೇಕ ಎಲ್ಲ ಆಸ್ಪತ್ರೆಗಳಲ್ಲಿಯೂ ಮಾಡುತ್ತಾರೆ. ಉಸಿರಿನ ಪರೀಕ್ಷೆಯು ಸಲಕರಣೆ ಇರುವ ಕೇಂದ್ರಗಳಲ್ಲಿ ಮಾತ್ರ ನಡೆಯುತ್ತದೆ.

ಹಿನ್ನೆಲೆ

ಬೊಜ್ಜಿಗೆ ಶಸ್ತ್ರಚಿಕಿತ್ಸೆ ಮಾಡುವ ಪ್ರಯತ್ನಗಳು 1950ರ ದಶಕದಲ್ಲಿ ಆರಂಭವಾದವು. 1954ರಲ್ಲಿ ಅಮೆರಿಕದ ಮಿನೆಸೋಟದ ಶಸ್ತ್ರವೈದ್ಯರು, ಆಹಾರವು ಸಣ್ಣ ಕರುಳಿನ ಬಹುಭಾಗವನ್ನು ಮುಟ್ಟದೆ ಮುಂದೆ ಸಾಗುವಂತೆ ಮಾಡುವ ವಿಧಾನವನ್ನು ವರದಿ ಮಾಡಿದರು. ಅದರಿಂದ ತೂಕ ಇಳಿಯಿತು. ಆದರೆ ಅನೇಕ ರೋಗಿಗಳಲ್ಲಿ ಯಕೃತ್ತಿನ ವೈಫಲ್ಯ, ಮೂತ್ರಪಿಂಡದ ಕಲ್ಲು ಮತ್ತು ಪೋಷಕಾಂಶಗಳ ತೀವ್ರ ಕೊರತೆ ಕಾಣಿಸಿಕೊಂಡವು. ಕಾಲಕ್ರಮೇಣ ಆ ವಿಧಾನವನ್ನು ಕೈಬಿಡಲಾಯಿತು. ತೂಕ ಇಳಿದರೆ ಸಾಲದು, ಒಳಗಿನ ದೇಹ ಅದನ್ನು ತಾಳಿಕೊಳ್ಳಬೇಕು ಎಂಬ ಪಾಠವನ್ನು ಆ ಅನುಭವ ಕಲಿಸಿತು. ಮುನ್ಪರೀಕ್ಷೆಗಳಿಗೆ ಇಂದು ದೊರೆತಿರುವ ಮಹತ್ವದ ಮೂಲ ಇಲ್ಲಿದೆ.

1966ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಜಠರದ ಬೈಪಾಸ್ ವಿಧಾನವನ್ನು ರೂಪಿಸಿದರು. ಈಗ ಹೆಚ್ಚು ಬಳಕೆಯಲ್ಲಿರುವ ವಿಧಾನಗಳು ಎರಡು. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಅಂಗಿಯ ತೋಳಿನಂಥ ಕೊಳವೆಯಾಗಿ ಉಳಿಸಲಾಗುತ್ತದೆ. ರೂ-ಎನ್-ವೈ ಬೈಪಾಸಿನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರು ಹಿಡಿಯುವ ಪುಟ್ಟ ಚೀಲವನ್ನು ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸಲಾಗುತ್ತದೆ.

ಈ ಶಸ್ತ್ರಚಿಕಿತ್ಸೆಗಳು ಹಸಿವು ಮತ್ತು ಇನ್ಸುಲಿನ್‌ಗೆ ಸಂಬಂಧಿಸಿದ ಹಾರ್ಮೋನುಗಳನ್ನೂ ಬದಲಾಯಿಸುತ್ತವೆ. ಮಧುಮೇಹಿಗಳ ರಕ್ತದ ಸಕ್ಕರೆ, ತೂಕ ಗಣನೀಯವಾಗಿ ಇಳಿಯುವ ಮೊದಲೇ ಹತೋಟಿಗೆ ಬರುವುದುಂಟು. ಈ ಕಾರಣದಿಂದ ಇವುಗಳನ್ನು ಚಯಾಪಚಯ ಶಸ್ತ್ರಚಿಕಿತ್ಸೆ ಎಂದೂ ಕರೆಯುತ್ತಾರೆ.

ವಿಶ್ರಾಂತ ಚಯಾಪಚಯ ದರ

ಎಚ್ಚರವಾಗಿದ್ದು ಅಲುಗಾಡದೆ ಮಲಗಿರುವ ವ್ಯಕ್ತಿಯ ದೇಹವೂ ಶಕ್ತಿಯನ್ನು ಖರ್ಚು ಮಾಡುತ್ತಿರುತ್ತದೆ. ಹೃದಯದ ಬಡಿತ, ಉಸಿರಾಟ, ಮಿದುಳಿನ ಕೆಲಸ, ದೇಹದ ಉಷ್ಣತೆಯ ರಕ್ಷಣೆ, ಜೀವಕೋಶಗಳ ದುರಸ್ತಿ ಇವೆಲ್ಲಕ್ಕೂ ತಗಲುವ ಶಕ್ತಿಯೇ ವಿಶ್ರಾಂತ ಚಯಾಪಚಯ ದರ. ಹೆಚ್ಚು ಓಡಾಡದ ಜೀವನ ನಡೆಸುವವರಲ್ಲಿ ದಿನದ ಒಟ್ಟು ವ್ಯಯದ ಸುಮಾರು ಶೇ. 60ರಿಂದ 70ರಷ್ಟು ಭಾಗ ಇದೇ ಆಗಿರುತ್ತದೆ. ಉಂಡದ್ದನ್ನು ಜೀರ್ಣಿಸಿ ಬಳಸಿಕೊಳ್ಳಲು ಸುಮಾರು ಶೇ. 10 ಬೇಕು. ಉಳಿದುದು ಚಲನವಲನಕ್ಕೆ ಹೋಗುತ್ತದೆ.

ಎಲ್ಲ ಅಂಗಗಳ ಖರ್ಚು ಒಂದೇ ಸಮನಲ್ಲ. ಹೃದಯ ಮತ್ತು ಮೂತ್ರಪಿಂಡಗಳು ಪ್ರತಿ ಕಿಲೋಗ್ರಾಂಗೆ ದಿನಕ್ಕೆ ಸುಮಾರು 440 ಕಿಲೊಕ್ಯಾಲರಿ, ಮಿದುಳು ಸುಮಾರು 240, ಯಕೃತ್ತು ಸುಮಾರು 200 ಕಿಲೊಕ್ಯಾಲರಿ ಬಳಸುತ್ತವೆ. ವಿಶ್ರಾಂತಿಯಲ್ಲಿರುವ ಸ್ನಾಯುವಿಗೆ ಸುಮಾರು 13, ಕೊಬ್ಬಿಗೆ ಸುಮಾರು 4.5 ಕಿಲೊಕ್ಯಾಲರಿ ಸಾಕು. ಒಂದೇ ತೂಕದ ಇಬ್ಬರ ದರಗಳು ಬೇರೆಬೇರೆಯಾಗಿರಲು ಸ್ನಾಯು ಮತ್ತು ಕೊಬ್ಬಿನ ಪ್ರಮಾಣದ ವ್ಯತ್ಯಾಸವು ಒಂದು ಮುಖ್ಯ ಕಾರಣ.

ಮಾಪನದ ಇತಿಹಾಸ

ಪ್ರಾಣಿಗಳ ಉಸಿರಾಟವು ಒಂದು ಬಗೆಯ ನಿಧಾನ ದಹನ ಎಂಬುದನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಆಂಟ್ವಾನ್ ಲವಾಸಿಯೆ ಮತ್ತು ಗಣಿತಜ್ಞ ಲಾಪ್ಲಾಸ್ 1782-83ರಲ್ಲಿ ತೋರಿಸಿದರು. ಅವರು ಒಂದು ಗಿನಿಹಂದಿಯನ್ನು ಮಂಜುಗಡ್ಡೆ ತುಂಬಿದ ಪಾತ್ರೆಯ ನಡುವೆ ಇರಿಸಿ, ಅದರ ಮೈಶಾಖಕ್ಕೆ ಕರಗಿದ ನೀರನ್ನು ಅಳೆದರು. 1890ರ ದಶಕದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಆಟ್‌ವಾಟರ್ ಮತ್ತು ಎಡ್ವರ್ಡ್ ರೋಸಾ ಮನುಷ್ಯನು ದಿನಗಟ್ಟಲೆ ಒಳಗೇ ಇರಬಹುದಾದ ಸಣ್ಣ ಕೋಣೆಯೊಂದನ್ನು ಕಟ್ಟಿ, ಅವನಿಂದ ಹೊರಬೀಳುವ ಶಾಖ ಮತ್ತು ಅನಿಲಗಳೆರಡನ್ನೂ ಅಳೆದರು. ಶಾಖವನ್ನೇ ಅಳೆಯುವುದು ನೇರ ಕ್ಯಾಲರಿಮಾಪನ. ಉಸಿರಿನ ಅನಿಲಗಳಿಂದ ಶಾಖವನ್ನು ಲೆಕ್ಕ ಹಾಕುವುದು ಪರೋಕ್ಷ ಕ್ಯಾಲರಿಮಾಪನ. ಆಸ್ಪತ್ರೆಗಳಲ್ಲಿ ಇಂದು ಬಳಕೆಯಲ್ಲಿರುವುದು ಎರಡನೆಯದು.

1949ರಲ್ಲಿ ಗ್ಲಾಸ್ಗೋದ ಜೆ. ಬಿ. ವಿಯರ್ ಈ ಲೆಕ್ಕವನ್ನು ಸರಳಗೊಳಿಸುವ ಸೂತ್ರವೊಂದನ್ನು ಪ್ರಕಟಿಸಿದರು. ಮೂತ್ರದಲ್ಲಿರುವ ಸಾರಜನಕವನ್ನು ಅಳೆಯದೆಯೂ ಸಾಕಷ್ಟು ನಿಖರವಾದ ಉತ್ತರ ಪಡೆಯಬಹುದು ಎಂದು ಅವರು ತೋರಿಸಿದರು. ಇಂದಿನ ಯಂತ್ರಗಳೂ ಇದೇ ಸೂತ್ರವನ್ನು ಬಳಸುತ್ತವೆ:

ದಿನದ ಕಿಲೊಕ್ಯಾಲರಿ = 1.44 × (3.941 × ನಿಮಿಷಕ್ಕೆ ಬಳಸಿದ ಆಮ್ಲಜನಕ + 1.106 × ನಿಮಿಷಕ್ಕೆ ಹೊರಬಿಟ್ಟ ಇಂಗಾಲದ ಡೈಆಕ್ಸೈಡ್)

ಇಲ್ಲಿ ಅನಿಲಗಳ ಪ್ರಮಾಣವನ್ನು ಮಿಲಿಲೀಟರುಗಳಲ್ಲಿ ಹೇಳಲಾಗಿದೆ.

ಪರೀಕ್ಷೆಯ ವಿಧಾನ

ಪರೀಕ್ಷೆಯನ್ನು ಸಾಮಾನ್ಯವಾಗಿ ಬೆಳಗ್ಗೆ, ರಾತ್ರಿಯ ಉಪವಾಸದ ನಂತರ ಮಾಡಲಾಗುತ್ತದೆ. ಕನಿಷ್ಠ 5 ಗಂಟೆಗಳ ಕಾಲ ಏನನ್ನೂ ತಿಂದಿರಬಾರದು. ಕಾಫಿ, ಚಹಾ ಮತ್ತು ತಂಬಾಕು ದರವನ್ನು ತಾತ್ಕಾಲಿಕವಾಗಿ ಏರಿಸುವುದರಿಂದ ಅವನ್ನೂ ಪರೀಕ್ಷೆಗೆ ಕೆಲವು ಗಂಟೆಗಳ ಮೊದಲೇ ನಿಲ್ಲಿಸಬೇಕು. ಹಿಂದಿನ ದಿನ ಕಠಿಣ ವ್ಯಾಯಾಮ ಮಾಡಿದ್ದರೆ ಫಲಿತಾಂಶ ಹೆಚ್ಚಾಗಿ ಬರುವ ಸಾಧ್ಯತೆಯಿದೆ.

ವ್ಯಕ್ತಿಯು ಶಾಂತವಾದ, ಹಿತಕರ ಉಷ್ಣತೆಯ ಕೊಠಡಿಯಲ್ಲಿ 10ರಿಂದ 20 ನಿಮಿಷ ವಿಶ್ರಮಿಸುತ್ತಾನೆ. ಅನಂತರ ತಲೆಯ ಮೇಲೆ ಪಾರದರ್ಶಕ ಗೋಪುರದಂಥ ಮುಚ್ಚಳವನ್ನು ಇರಿಸಲಾಗುತ್ತದೆ, ಅಥವಾ ಮೂಗಿಗೆ ಕ್ಲಿಪ್ ಹಾಕಿ ಬಾಯಿಯ ಕೊಳವೆಯ ಮೂಲಕ ಉಸಿರಾಡಿಸಲಾಗುತ್ತದೆ. ಪರೀಕ್ಷೆಯಲ್ಲಿ ಸೂಜಿಯಾಗಲಿ ನೋವಾಗಲಿ ಇಲ್ಲ. ಆದರೆ ಮುಚ್ಚಿದ ಸ್ಥಳದ ಭಯವಿರುವವರಿಗೆ ಮುಚ್ಚಳವು ಕಸಿವಿಸಿ ಉಂಟುಮಾಡಬಹುದು. ನಿದ್ರೆಯಲ್ಲಿ ದರ ಇಳಿಯುವುದರಿಂದ ನಿದ್ರಿಸಬಾರದು. ಮಾತನಾಡಿದರೂ ಕೈಕಾಲು ಆಡಿಸಿದರೂ ದರ ಏರುತ್ತದೆ.

ಮೊದಲ 5 ನಿಮಿಷಗಳ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಮೇಲೆ ಅಂಕಿಗಳ ಏರಿಳಿತವು ಶೇ. 10ರ ಮಿತಿಯೊಳಗೆ ಸ್ಥಿರವಾಗಿ ನಿಂತ ಅವಧಿಯ ಸರಾಸರಿಯನ್ನು ಫಲಿತಾಂಶವೆಂದು ಸ್ವೀಕರಿಸಲಾಗುತ್ತದೆ.

ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಬಳಸಿದ ಆಮ್ಲಜನಕದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯನ್ನು ಶ್ವಾಸ ಭಾಗಲಬ್ಧ ಎನ್ನುತ್ತಾರೆ. ದೇಹವು ಕೊಬ್ಬನ್ನೇ ಉರಿಸುತ್ತಿದ್ದರೆ ಇದು ಸುಮಾರು 0.7, ಕಾರ್ಬೋಹೈಡ್ರೇಟನ್ನೇ ಬಳಸುತ್ತಿದ್ದರೆ 1.0. ಉಪವಾಸವಿದ್ದವರಲ್ಲಿ ಇದು ಸಾಮಾನ್ಯವಾಗಿ ಇವೆರಡರ ನಡುವೆ ಇರುತ್ತದೆ. 1.0ಕ್ಕಿಂತ ಹೆಚ್ಚು ಬಂದರೆ ವ್ಯಕ್ತಿಯು ಆತಂಕದಿಂದ ವೇಗವಾಗಿ ಉಸಿರಾಡಿರಬಹುದು ಅಥವಾ ಉಪವಾಸ ಮುರಿದಿರಬಹುದು. 0.7ಕ್ಕಿಂತ ಬಹಳ ಕಡಿಮೆ ಬಂದರೆ ಗಾಳಿಯ ಸೋರಿಕೆಯನ್ನು ಅನುಮಾನಿಸಬೇಕು. ಹೀಗೆ ಈ ಸಂಖ್ಯೆಯು ಪರೀಕ್ಷೆಯ ವಿಶ್ವಾಸಾರ್ಹತೆಗೂ ಒರೆಗಲ್ಲು. ಅಂಗೈಯಲ್ಲಿ ಹಿಡಿಯುವ ಕೆಲವು ಸಣ್ಣ ಯಂತ್ರಗಳು ಆಮ್ಲಜನಕವನ್ನು ಮಾತ್ರ ಅಳೆದು, ಭಾಗಲಬ್ಧವನ್ನು ಊಹೆಯಿಂದ ತೆಗೆದುಕೊಳ್ಳುತ್ತವೆ. ಅವುಗಳಲ್ಲಿ ಈ ಪರಿಶೀಲನೆಗೆ ಅವಕಾಶವಿಲ್ಲ.

ಸಮೀಕರಣಗಳು

ಯಂತ್ರವಿಲ್ಲದ ಕಡೆ ತೂಕ, ಎತ್ತರ, ವಯಸ್ಸು ಮತ್ತು ಲಿಂಗದ ಆಧಾರದ ಮೇಲೆ ದರವನ್ನು ಅಂದಾಜು ಮಾಡುತ್ತಾರೆ. ಹ್ಯಾರಿಸ್ ಮತ್ತು ಬೆನೆಡಿಕ್ಟ್ 1919ರಲ್ಲಿ ವಿಸ್ತಾರವಾಗಿ ಪ್ರಕಟಿಸಿದ ಸಮೀಕರಣವು ದೀರ್ಘಕಾಲ ಬಳಕೆಯಲ್ಲಿತ್ತು. 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸಮೀಕರಣವನ್ನು ಬೊಜ್ಜು ಇರುವವರಿಗೆ ಈಗ ಹೆಚ್ಚಾಗಿ ಬಳಸುತ್ತಾರೆ. ಕಿಲೋಗ್ರಾಂಗಳಲ್ಲಿರುವ ತೂಕವನ್ನು 10ರಿಂದಲೂ ಸೆಂಟಿಮೀಟರುಗಳಲ್ಲಿರುವ ಎತ್ತರವನ್ನು 6.25ರಿಂದಲೂ ಗುಣಿಸಿ ಕೂಡಿಸಬೇಕು. ಅದರಿಂದ ವಯಸ್ಸಿನ 5 ಪಟ್ಟನ್ನು ಕಳೆಯಬೇಕು. ಕೊನೆಗೆ ಪುರುಷರಾದರೆ 5 ಕೂಡಿಸಬೇಕು, ಮಹಿಳೆಯರಾದರೆ 161 ಕಳೆಯಬೇಕು.

ಉದಾಹರಣೆಗೆ, 45 ವರ್ಷ ವಯಸ್ಸಿನ, 160 ಸೆಂಟಿಮೀಟರ್ ಎತ್ತರದ, 110 ಕಿಲೋಗ್ರಾಂ ತೂಕದ ಮಹಿಳೆಗೆ ಈ ಸಮೀಕರಣವು ದಿನಕ್ಕೆ 1,714 ಕಿಲೊಕ್ಯಾಲರಿ ಎಂದು ಹೇಳುತ್ತದೆ. ಪರೀಕ್ಷೆಯಲ್ಲಿ ಆಕೆ ನಿಮಿಷಕ್ಕೆ 230 ಮಿಲಿಲೀಟರು ಆಮ್ಲಜನಕ ಬಳಸಿ 184 ಮಿಲಿಲೀಟರು ಇಂಗಾಲದ ಡೈಆಕ್ಸೈಡನ್ನು ಹೊರಬಿಟ್ಟರೆ, ಶ್ವಾಸ ಭಾಗಲಬ್ಧ 0.80 ಆಗುತ್ತದೆ. ವಿಯರ್ ಸೂತ್ರದ ಪ್ರಕಾರ ಆಕೆಯ ದರ ಸುಮಾರು 1,598 ಕಿಲೊಕ್ಯಾಲರಿ. ಅಂದರೆ ಅಂದಾಜು ಮತ್ತು ಅಳತೆಯ ನಡುವೆ ದಿನಕ್ಕೆ 116 ಕಿಲೊಕ್ಯಾಲರಿಯ, ಸುಮಾರು ಶೇ. 7ರ ಅಂತರವಿದೆ. ಸಮೀಕರಣಗಳು ಜನಸಮೂಹದ ಸರಾಸರಿಯನ್ನು ಹೇಳುತ್ತವೆಯೇ ಹೊರತು ಒಬ್ಬ ವ್ಯಕ್ತಿಯ ನಿಜಸ್ಥಿತಿಯನ್ನಲ್ಲ. ಕೆಲವರಲ್ಲಿ ಅಂತರವು ಶೇ. 10ನ್ನೂ ಮೀರುತ್ತದೆ.

ರಕ್ತಪರೀಕ್ಷೆಗಳು

ಸಕ್ಕರೆ ಮತ್ತು ಇನ್ಸುಲಿನ್

ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಮಟ್ಟವನ್ನು ಸೂಚಿಸುವ ಎಚ್‌ಬಿಎ1ಸಿ ಇಲ್ಲಿನ ಮುಖ್ಯ ಪರೀಕ್ಷೆ. ಇದು ಶೇ. 6.5 ಅಥವಾ ಹೆಚ್ಚಿದ್ದರೆ ಮಧುಮೇಹ; ಶೇ. 5.7ರಿಂದ 6.4ರವರೆಗಿದ್ದರೆ ಮಧುಮೇಹಪೂರ್ವ ಸ್ಥಿತಿ. ಮಧುಮೇಹಿಗಳಲ್ಲಿ ಸಾಧ್ಯವಾದರೆ ಇದನ್ನು ಶೇ. 6.5ರಿಂದ 7ರ ಮಟ್ಟಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿಸಿದ ಮೇಲೆ ಶಸ್ತ್ರಚಿಕಿತ್ಸೆ ಮಾಡುವುದು ಒಳಿತು. ಬಹುಕಾಲದ ಕಾಯಿಲೆಯಿಂದ ತೊಡಕುಗಳು ಉಂಟಾಗಿರುವವರಲ್ಲಿ ಶೇ. 7ರಿಂದ 8ರ ಮಟ್ಟವನ್ನೂ ಒಪ್ಪಲಾಗುತ್ತದೆ.

ಮೇದೋಜೀರಕ ಗ್ರಂಥಿಯು ಸ್ವತಃ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂಬುದನ್ನು ಸಿ-ಪೆಪ್ಟೈಡ್ ಪರೀಕ್ಷೆ ತಿಳಿಸುತ್ತದೆ. ಇದು ತೀರ ಕಡಿಮೆಯಿದ್ದರೆ ಗ್ರಂಥಿಯ ಶಕ್ತಿ ಕುಂದಿದೆ ಎಂದರ್ಥ. ಒಂದನೇ ಬಗೆಯ ಮಧುಮೇಹವಿರುವ ಸಾಧ್ಯತೆಯನ್ನೂ ಪರಿಶೀಲಿಸಬೇಕಾಗುತ್ತದೆ. ಅಂಥವರ ತೂಕ ಇಳಿದರೂ ಇನ್ಸುಲಿನ್ ಚುಚ್ಚುಮದ್ದು ತಪ್ಪದಿರಬಹುದು. ತೈವಾನಿನ ವೈದ್ಯರು ರೂಪಿಸಿದ ಎಬಿಸಿಡಿ ಅಂಕಪದ್ಧತಿಯು ವಯಸ್ಸು, ದೇಹ ದ್ರವ್ಯರಾಶಿ ಸೂಚ್ಯಂಕ, ಸಿ-ಪೆಪ್ಟೈಡ್ ಮತ್ತು ಮಧುಮೇಹದ ಅವಧಿ ಎಂಬ ನಾಲ್ಕು ಅಂಶಗಳಿಂದ, ಶಸ್ತ್ರಚಿಕಿತ್ಸೆಯ ನಂತರ ಮಧುಮೇಹ ಶಮನವಾಗುವ ಸಂಭವವನ್ನು ಅಂದಾಜು ಮಾಡುತ್ತದೆ. ರೋಗಿಗೆ ಹುಸಿ ಭರವಸೆ ನೀಡದಿರಲು ಇಂಥ ಅಂದಾಜು ನೆರವಾಗುತ್ತದೆ.

ಯಕೃತ್ತು ಮತ್ತು ಕೊಬ್ಬು

ಕೊಲೆಸ್ಟರಾಲ್ ಮತ್ತು ಟ್ರೈಗ್ಲಿಸರೈಡ್‌ಗಳ ಜೊತೆಗೆ ಯಕೃತ್ತಿನ ಕಿಣ್ವಗಳನ್ನು ಪರೀಕ್ಷಿಸಲಾಗುತ್ತದೆ. ತೀವ್ರ ಬೊಜ್ಜು ಇರುವವರಲ್ಲಿ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿರುವುದು ಸಾಮಾನ್ಯ. ಕಿಣ್ವಗಳು ಸಹಜವಾಗಿದ್ದರೂ ಯಕೃತ್ತು ಹಾನಿಗೊಂಡಿರುವುದುಂಟು. ಆದ್ದರಿಂದ ಅಲ್ಟ್ರಾಸೌಂಡ್ ಪರೀಕ್ಷೆಯನ್ನೂ ಮಾಡುತ್ತಾರೆ. ಹಿಗ್ಗಿದ ಯಕೃತ್ತು ಜಠರದ ಮೇಲೆ ಚಾಚಿಕೊಂಡು ಶಸ್ತ್ರವೈದ್ಯರಿಗೆ ಅಡ್ಡಿಯಾಗುತ್ತದೆ. ಅದನ್ನು ಕುಗ್ಗಿಸಲು ಶಸ್ತ್ರಚಿಕಿತ್ಸೆಗೆ ಸುಮಾರು ಎರಡು ವಾರ ಮೊದಲಿನಿಂದ ಅಲ್ಪ ಕ್ಯಾಲರಿಯ ಪಥ್ಯವನ್ನು ಸೂಚಿಸುವ ರೂಢಿಯಿದೆ.

ಹಾರ್ಮೋನುಗಳು

ಥೈರಾಯ್ಡ್ ಕೊರತೆಯ ಲಕ್ಷಣಗಳಿದ್ದರೆ ಟಿಎಸ್‌ಎಚ್ ಪರೀಕ್ಷೆ ಅಗತ್ಯ. ಬೊಜ್ಜು ಇರುವವರಲ್ಲಿ ಟಿಎಸ್‌ಎಚ್ ಸ್ವಲ್ಪ ಹೆಚ್ಚಿರುವುದು ಅಪರೂಪವಲ್ಲ. ತೂಕ ಇಳಿದ ಮೇಲೆ ಅದು ತಾನಾಗಿ ಸಹಜ ಮಟ್ಟಕ್ಕೆ ಬರುವುದುಂಟು. ದುಂಡಗಾದ ಮುಖ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು, ಸುಲಭವಾಗಿ ಕಂದುವ ಚರ್ಮ, ತೊಡೆಯ ಸ್ನಾಯುಗಳ ದೌರ್ಬಲ್ಯ ಇವು ಕಂಡುಬಂದರೆ ಕುಶಿಂಗ್ ರೋಗಲಕ್ಷಣವನ್ನು ಪರಿಶೀಲಿಸುತ್ತಾರೆ. ಅದಿದ್ದಲ್ಲಿ ಬೊಜ್ಜಿನ ಮೂಲ ಬೇರೆಡೆ ಇರುವುದರಿಂದ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.

ಪೋಷಕಾಂಶಗಳು

ಸ್ಥೂಲವಾದ ದೇಹದಲ್ಲಿಯೂ ಪೋಷಕಾಂಶಗಳ ಕೊರತೆ ಇರಬಹುದು ಎಂಬುದು ಅನೇಕರಿಗೆ ಅಚ್ಚರಿ ತರುವ ಸಂಗತಿ. ಆಹಾರದಲ್ಲಿ ಕ್ಯಾಲರಿ ಹೆಚ್ಚಿದ್ದ ಮಾತ್ರಕ್ಕೆ ವಿಟಮಿನ್ ಮತ್ತು ಖನಿಜಗಳು ಸಾಕಷ್ಟಿವೆ ಎಂದಾಗುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಊಟದ ಪ್ರಮಾಣವೂ ಹೀರಿಕೆಯೂ ಕುಗ್ಗುವುದರಿಂದ, ಮೊದಲೇ ಇದ್ದ ಕೊರತೆ ಇನ್ನಷ್ಟು ಆಳವಾಗುತ್ತದೆ. ಸಾಮಾನ್ಯವಾಗಿ ಪರೀಕ್ಷಿಸುವ ಅಂಶಗಳು ಇವು:

* ಕಬ್ಬಿಣ: ಇದು ಮುಖ್ಯವಾಗಿ ಸಣ್ಣ ಕರುಳಿನ ಆರಂಭದ ಭಾಗದಲ್ಲಿ ಹೀರಲ್ಪಡುತ್ತದೆ, ಬೈಪಾಸಿನಲ್ಲಿ ಆಹಾರ ಆ ಭಾಗವನ್ನು ತಲುಪುವುದಿಲ್ಲ. ಉರಿಯೂತದಿಂದ ಫೆರಿಟಿನ್ ಏರಬಹುದಾದ್ದರಿಂದ ಅದೊಂದನ್ನೇ ನಂಬದೆ ಇತರ ಸೂಚಕಗಳನ್ನೂ ನೋಡಲಾಗುತ್ತದೆ.
* ವಿಟಮಿನ್ ಬಿ12: ಇದರ ಹೀರಿಕೆಗೆ ಜಠರದ ಆಮ್ಲವೂ ಜಠರದಲ್ಲಿ ಉತ್ಪತ್ತಿಯಾಗುವ ವಿಶೇಷ ಪ್ರೋಟೀನೂ ಬೇಕು. ಮಧುಮೇಹದ ಔಷಧ ಮೆಟ್‌ಫಾರ್ಮಿನ್ ದೀರ್ಘಕಾಲ ಸೇವಿಸುವವರಲ್ಲಿ ಇದು ಮೊದಲೇ ಕಡಿಮೆಯಿರಬಹುದು.
* ಫೋಲೇಟ್: ಇದನ್ನು ಬಿ12ರ ಜೊತೆಯಲ್ಲಿಯೇ ನೋಡಬೇಕು. ಫೋಲೇಟ್ ಮಾತ್ರೆಯೊಂದನ್ನೇ ಕೊಟ್ಟರೆ ರಕ್ತಹೀನತೆ ಸರಿಹೋಗಿ, ಬಿ12 ಕೊರತೆಯಿಂದಾಗುವ ನರಗಳ ಹಾನಿ ಮರೆಯಲ್ಲಿ ಮುಂದುವರಿಯಬಹುದು.
* ವಿಟಮಿನ್ ಡಿ, ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನು: ರಕ್ತದ ಕ್ಯಾಲ್ಸಿಯಂ ಸಹಜವಾಗಿದ್ದರೂ, ಅದನ್ನು ಕಾಯ್ದುಕೊಳ್ಳಲು ದೇಹವು ಮೂಳೆಯಿಂದ ಕ್ಯಾಲ್ಸಿಯಂ ಸೆಳೆಯುತ್ತಿರಬಹುದು. ಹಾರ್ಮೋನಿನ ಏರಿಕೆ ಅದನ್ನು ಬಯಲು ಮಾಡುತ್ತದೆ.
* ಥಯಮಿನ್ ಎಂಬ ವಿಟಮಿನ್ ಬಿ1: ದೇಹದಲ್ಲಿ ಇದರ ಸಂಗ್ರಹ ಎರಡು ಮೂರು ವಾರಗಳಿಗಷ್ಟೇ ಸಾಲುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಬಿಡದೆ ವಾಂತಿಯಾದರೆ ಥಯಮಿನ್ ಕೊರತೆಯಿಂದ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಅಂಥ ರೋಗಿಗೆ ಗ್ಲೂಕೋಸ್ ಏರಿಸುವ ಮೊದಲು ಥಯಮಿನ್ ನೀಡಬೇಕು ಎಂಬುದು ಒಪ್ಪಿತ ನಿಯಮ.

ಕೊರತೆಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಸರಿಪಡಿಸಬೇಕು. ಆನಂತರವೂ ವಿಟಮಿನ್ ಮತ್ತು ಖನಿಜಗಳ ಪೂರಕಗಳನ್ನು ಜೀವನಪರ್ಯಂತ ಸೇವಿಸಬೇಕಾಗುತ್ತದೆ. ಮುನ್ಪರೀಕ್ಷೆಯ ಅಂಕಿಗಳು ಮುಂದಿನ ವರ್ಷಗಳ ಹೋಲಿಕೆಗೆ ಆಧಾರವಾಗುತ್ತವೆ.

ಭಾರತೀಯ ಸಂದರ್ಭ

1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಮಾವೇಶವು ದೇಹ ದ್ರವ್ಯರಾಶಿ ಸೂಚ್ಯಂಕವು 40 ಇರುವವರಿಗೆ, ಅಥವಾ 35 ಇದ್ದು ಗಂಭೀರ ಕಾಯಿಲೆಗಳೂ ಇರುವವರಿಗೆ ಈ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು ಎಂದು ಹೇಳಿತ್ತು. ಭಾರತೀಯರಿಗೆ ಈ ಮಿತಿಗಳು ಹೊಂದುವುದಿಲ್ಲ ಎಂಬ ಅಭಿಪ್ರಾಯದಿಂದ, 2009ರಲ್ಲಿ ಪ್ರಕಟವಾದ ಭಾರತೀಯ ತಜ್ಞರ ಸಮ್ಮತಿ ಹೇಳಿಕೆಯು ಅವನ್ನು ಕ್ರಮವಾಗಿ 37.5 ಮತ್ತು 32.5ಕ್ಕೆ ಇಳಿಸಿತು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಏಷ್ಯಾ ಮೂಲದವರಿಗೆ 27.5ರಿಂದಲೇ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು ಎಂದಿದೆ.

ಸೂಚ್ಯಂಕವೊಂದೇ ಸಾಲದು ಎಂಬುದಕ್ಕೆ ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮನ್ನೇ ಉದಾಹರಣೆಯಾಗಿ ಒಡ್ಡಿಕೊಂಡರು. ಇಬ್ಬರ ಸೂಚ್ಯಂಕವೂ 22.3, ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರ ದೇಹದಲ್ಲಿ ಶೇ. 21.2. ಕೊಬ್ಬಿನ ಪಾಲು ಹೆಚ್ಚಿದ್ದು ಸ್ನಾಯು ಕಡಿಮೆಯಿದ್ದರೆ ಅದೇ ತೂಕಕ್ಕೆ ವಿಶ್ರಾಂತ ದರವೂ ಕಡಿಮೆಯಾಗುತ್ತದೆ.

ಈ ಪ್ರಶ್ನೆಗೆ ಬೆಂಗಳೂರಿನ ಸಂಬಂಧವೂ ಇದೆ. ಇಲ್ಲಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪಿ. ಎಸ್. ಶೆಟ್ಟಿ, ಎಂ. ಜೆ. ಸೋರೆಸ್ ಮತ್ತು ಸಂಗಡಿಗರು ಭಾರತೀಯರ ಮೂಲ ಚಯಾಪಚಯ ದರವನ್ನು ಅಳೆದು ಅಧ್ಯಯನ ಮಾಡಿದರು. ಅಂತರರಾಷ್ಟ್ರೀಯ ಸಮೀಕರಣಗಳು ಭಾರತೀಯರ ದರವನ್ನು ವಾಸ್ತವಕ್ಕಿಂತ ಹೆಚ್ಚಾಗಿ ಅಂದಾಜು ಮಾಡುತ್ತವೆ ಎಂದು ಕಂಡುಬಂದಿತು. ಭಾರತೀಯ ಪುರುಷರಿಗಾಗಿ ಅವರು ರೂಪಿಸಿದ ಸಮೀಕರಣಗಳು 1993ರಲ್ಲಿ ಪ್ರಕಟವಾದವು. ಪಾಶ್ಚಾತ್ಯರ ಅಂಕಿಗಳಿಂದ ಹುಟ್ಟಿದ ಸಮೀಕರಣವನ್ನು ಇಲ್ಲಿನ ರೋಗಿಗೆ ಹಾಗೆಯೇ ಅನ್ವಯಿಸುವಾಗ ಎಚ್ಚರ ಬೇಕು ಎಂಬುದನ್ನು ಈ ಕೆಲಸ ತೋರಿಸುತ್ತದೆ. ಸಸ್ಯಾಹಾರಿಗಳಲ್ಲಿ ವಿಟಮಿನ್ ಬಿ12 ಕೊರತೆ ವ್ಯಾಪಕವಾಗಿರುವುದರಿಂದ ಆ ಪರೀಕ್ಷೆಗೂ ಭಾರತದಲ್ಲಿ ಹೆಚ್ಚಿನ ಮಹತ್ವವಿದೆ.

ಫಲಿತಾಂಶಗಳ ಅರ್ಥ

ಬೊಜ್ಜು ಇರುವವರ ಚಯಾಪಚಯ ನಿಧಾನವಾಗಿರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ದೊಡ್ಡ ದೇಹಕ್ಕೆ ಹೆಚ್ಚು ಶಕ್ತಿ ಬೇಕು. ಆದ್ದರಿಂದ ಭಾರವಾದವರ ಒಟ್ಟು ವಿಶ್ರಾಂತ ದರವು ಅದೇ ಎತ್ತರದ ತೆಳ್ಳಗಿನವರಿಗಿಂತ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಇದಕ್ಕೆ ಎದುರಾಗಿ, ತೂಕ ಇಳಿಯದಿರುವುದು ಮನೋಬಲದ ಕೊರತೆಯಷ್ಟೇ ಎಂಬ ಮಾತೂ ಸರಿಯಲ್ಲ. ತೂಕ ಇಳಿದಾಗ ದೇಹವು ತನ್ನ ಖರ್ಚನ್ನು ತಾನೇ ಬಿಗಿಹಿಡಿಯುತ್ತದೆ. 1944-45ರಲ್ಲಿ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ 36 ಸ್ವಯಂಸೇವಕರ ಮೇಲೆ ನಡೆಸಿದ ಅರೆ ಉಪವಾಸದ ಪ್ರಯೋಗದಲ್ಲಿ ಇದು ಸ್ಪಷ್ಟವಾಗಿ ಕಂಡಿತು. 2016ರಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು, ದೂರದರ್ಶನದ ತೂಕ ಇಳಿಕೆ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ್ದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದರು. ಅವರ ವಿಶ್ರಾಂತ ದರವು ಅವರ ಗಾತ್ರ ಮತ್ತು ವಯಸ್ಸಿಗೆ ನಿರೀಕ್ಷಿಸಬೇಕಾದುದಕ್ಕಿಂತ ದಿನಕ್ಕೆ ಸರಾಸರಿ ಸುಮಾರು 500 ಕಿಲೊಕ್ಯಾಲರಿ ಕಡಿಮೆಯಿತ್ತು.

ಶಸ್ತ್ರಚಿಕಿತ್ಸೆಯ ನಂತರವೂ ದರ ಇಳಿಯುತ್ತದೆ. ಮೇಲಿನ ಉದಾಹರಣೆಯ ಮಹಿಳೆಯ ತೂಕ 75 ಕಿಲೋಗ್ರಾಂಗೆ ಇಳಿದರೆ, ಸಮೀಕರಣದ ಪ್ರಕಾರವೇ ಆಕೆಯ ದರ 1,714ರಿಂದ 1,364 ಕಿಲೊಕ್ಯಾಲರಿಗೆ ಬರುತ್ತದೆ. ಮೊದಲ ಅಳತೆ ಕೈಯಲ್ಲಿದ್ದರೆ, ಮುಂದೆ ತೂಕ ಇಳಿಯುವುದು ನಿಂತಾಗ ಅದರ ಕಾರಣವನ್ನು ಹುಡುಕುವುದು ಸುಲಭ. ಊಟ ಹೆಚ್ಚಾಗಿದೆಯೇ, ಸ್ನಾಯು ನಷ್ಟವಾಗಿದೆಯೇ, ದೇಹದ ಖರ್ಚು ಅತಿಯಾಗಿ ಕುಗ್ಗಿದೆಯೇ ಎಂಬುದನ್ನು ರೋಗಿಯನ್ನು ದೂಷಿಸದೆ ಪರಿಶೀಲಿಸಬಹುದು. ಸ್ನಾಯುವನ್ನು ಉಳಿಸಿಕೊಳ್ಳಲು ಸಾಕಷ್ಟು ಪ್ರೋಟೀನ್ ಮತ್ತು ವ್ಯಾಯಾಮವನ್ನು ಸೂಚಿಸುವುದೂ ಇದೇ ಕಾರಣಕ್ಕೆ.

ಮಿತಿಗಳು

ವಿಶ್ರಾಂತ ದರದ ಮಾಪನವು ಎಲ್ಲ ರೋಗಿಗಳಿಗೂ ಕಡ್ಡಾಯವಲ್ಲ. ಯಂತ್ರದ ಬೆಲೆ, ತರಬೇತಿ ಪಡೆದ ಸಿಬ್ಬಂದಿಯ ಕೊರತೆ ಮತ್ತು ಪರೀಕ್ಷೆಗೆ ಬೇಕಾಗುವ ಸಮಯ ಅದರ ಬಳಕೆಗೆ ಅಡ್ಡಿಯಾಗಿವೆ. ಒಂದು ದಿನದ ಅಳತೆಯು ನಡಿಗೆ ಮತ್ತು ಕೆಲಸದಲ್ಲಿ ವ್ಯಯವಾಗುವ ಶಕ್ತಿಯನ್ನು ಹೇಳುವುದಿಲ್ಲ. ತೂಕ ಎಷ್ಟು ಇಳಿಯುತ್ತದೆ ಎಂಬುದನ್ನು ಖಚಿತವಾಗಿ ಮುನ್ನುಡಿಯುವುದೂ ಇಲ್ಲ. ದರ ಕಡಿಮೆ ಬಂದ ಮಾತ್ರಕ್ಕೆ ಯಾರನ್ನೂ ಶಸ್ತ್ರಚಿಕಿತ್ಸೆಗೆ ಅನರ್ಹರೆಂದು ಪರಿಗಣಿಸುವಂತಿಲ್ಲ. ರಕ್ತಪರೀಕ್ಷೆಗಳ ವಿಷಯದಲ್ಲಿ ಇಂಥ ಭಿನ್ನಾಭಿಪ್ರಾಯ ಕಡಿಮೆ. ಅವುಗಳಿಂದ ಪತ್ತೆಯಾಗುವ ಕೊರತೆ ಮತ್ತು ಕಾಯಿಲೆಗಳಲ್ಲಿ ಹೆಚ್ಚಿನವು ಮೊದಲೇ ತಿಳಿದರೆ ಸರಿಪಡಿಸಬಹುದಾದವು.

ಇವನ್ನೂ ನೋಡಿ

* ಬೊಜ್ಜು
* ಚಯಾಪಚಯ
* ದೇಹ ದ್ರವ್ಯರಾಶಿ ಸೂಚ್ಯಂಕ
* ಮಧುಮೇಹ
* ವಿಟಮಿನ್ ಬಿ12